ಸುರಿದವರು ಒಬ್ಬರು, ಹೇಳಿದವರು ಒಬ್ಬರು

ಓರಗೆಯವರೆಲ್ಲ ಮಗಳಿಗೆ ಗಂಡು ಹುಡುಕುತ್ತಿದ್ದ ವಯಸ್ಸಿನಲ್ಲಿ ನಮಗೆ ಎರಡನೆಯ ಮಗು ಆಗುವುದಿತ್ತು. ಹೆಂಡತಿಗಿಂತ ಹೆಚ್ಚು ನಾಚಿದವನು ನಾನು. ಚನ್ನಗಿರಿಯ ಪೇಟೆಯಲ್ಲಿ ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆ ಉಳಿದು, ಅಂಗಡಿಗಳ ಬೋರ್ಡು ಓದುವವನಂತೆ ನಟಿಸುತ್ತಿದ್ದೆ.

ಚಿಂತೆ ನನಗೆ ಕಾಫಿಯ ಹಾಗೆ, ದಿನಕ್ಕೆ ಎರಡು ಸಲ ಬೇಕೇಬೇಕು. ಸಂತೇಬೆನ್ನೂರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವವನಾದರೂ ಮನೆಯ ಸಂಜೆಯ ಜಪಸರದಲ್ಲಿ ಲೆಕ್ಕ ತಪ್ಪುತ್ತಿದ್ದೆ. ಹತ್ತು ಸಲ ಹೇಳುವ ಪ್ರಾರ್ಥನೆ ಒಂಬತ್ತಾಯಿತೋ ಹತ್ತಾಯಿತೋ ಎಂಬ ಅನುಮಾನಕ್ಕೆ ಒಂದು 'ನಮೋ ಮರಿಯಾ' ಹೆಚ್ಚಿಗೆ ಹೇಳಿಸುವುದು ನನ್ನ ಪದ್ಧತಿ. ಅನ್ನ ಆರುತ್ತಿತ್ತು. "ಅಪ್ಪಾ, ಮಾತೆಗೂ ಸಾಕಾಗಿರ್ತೈತೆ, ಬಿಡು" ಎಂದು ದೊಡ್ಡ ಮಗಳು ಗೊಣಗುತ್ತಿದ್ದಳು.

ಆ ಬಸಿರಿಗೂ ನಾನು ಎಲ್ಲ ಅನಾಹುತಗಳಿಗೆ ತಯಾರಾಗಿದ್ದೆ. ನಮ್ಮೂರಿನಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಫಾದರ್ ತಿಂಗಳಿಗೆ ಎರಡು ಭಾನುವಾರ ಬಂದು ಬಲಿಪೂಜೆಯ ಪ್ರಾರ್ಥನೆ ನಡೆಸಿ ಹೋಗುತ್ತಾರೆ. ಅವರಿಲ್ಲದ ದಿನ ಏನಾದರೂ ಆದರೆ? ಅದಕ್ಕೇ ಒಂದು ಚಿಕ್ಕ ಬಾಟಲಿಯಲ್ಲಿ ಅವರು ಮಂತ್ರಿಸಿದ ತೀರ್ಥ ತುಂಬಿ ಬೈಕಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ.

ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಹೆಂಡತಿಗೆ ಬಿ.ಪಿ. ಏರಿ, ಚನ್ನಗಿರಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ಹೊರತೆಗೆದರು. ಹೆಣ್ಣು. ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುವಷ್ಟು. ಕೂಡಲೇ ದಾವಣಗೆರೆಗೆ ಒಯ್ಯಬೇಕೆಂದರು. ತಾಯಿಯ ಹತ್ತಿರ ದೊಡ್ಡ ಮಗಳನ್ನು ಬಿಟ್ಟು ನಾನೂ ನಮ್ಮ ಅವ್ವನೂ ಆಂಬ್ಯುಲೆನ್ಸ್ ಹತ್ತಿದೆವು. ಫಾದರ್‌ಗೆ ಫೋನು ಹಚ್ಚಿದೆ, ಸಿಗಲಿಲ್ಲ. ಅವರು ನ್ಯಾಮತಿಯ ಕಡೆ ಯಾರೋ ಕಾಯಿಲೆಯವರನ್ನು ನೋಡಲು ಹೋಗಿದ್ದರೆಂದು ಆಮೇಲೆ ತಿಳಿಯಿತು. ಆ ದಾರಿಯ ಸವಳಂಗದ ಸುತ್ತ ನೆಟ್‌ವರ್ಕ್ ಇರಲಿಲ್ಲ.

ತ್ಯಾವಣಿಗೆ ದಾಟುವಾಗ ಮಗು ನೀಲಿಯಾಯಿತು. ಆಕ್ಸಿಜನ್ ಹಿಡಿದಿದ್ದವನು ಅಂಗಾಲು ತಟ್ಟತೊಡಗಿದ. ಅವ್ವ ನನ್ನ ಮುಖ ನೋಡಿ, "ಜ್ಞಾನಸ್ನಾನ ಕೊಡೋ" ಎಂದಳು.

ನಮ್ಮಲ್ಲಿ ಜ್ಞಾನಸ್ನಾನವಾದರೇ ಮಗು ದೇವರ ಮನೆಗೆ ಸೇರಿದ ಹಾಗೆ. ಸಾಯುವ ಹೊತ್ತಿನಲ್ಲಿ ಗುರುಗಳಿಗಾಗಿ ಕಾಯಬೇಕಿಲ್ಲ. ಯಾರು ಬೇಕಾದರೂ ತಲೆಗೆ ಮೂರು ಸಲ ನೀರು ಸುರಿಯುತ್ತ, ಮಗುವಿನ ಹೆಸರು ಹಿಡಿದು ಎರಡು ಸಾಲು ಹೇಳಿದರೆ ಆಯಿತು. ಆದರೆ ನನ್ನ ತೀರ್ಥದ ಬಾಟಲಿ ಬೈಕಿನಲ್ಲಿತ್ತು, ಬೈಕು ಚನ್ನಗಿರಿಯ ಆಸ್ಪತ್ರೆಯ ಅಂಗಳದಲ್ಲಿತ್ತು. ಏಳು ತಿಂಗಳ ಮುಂಜಾಗ್ರತೆ ಅಲ್ಲಿಗೆ ಮುಗಿಯಿತು. ಅವ್ವ ಕುಡಿಯುವ ನೀರಿನ ಬಾಟಲಿ ಕೊಟ್ಟಳು. ಮುಚ್ಚಳ ತೆಗೆಯುವಷ್ಟರಲ್ಲಿ ಅರ್ಧ ನೀರು ನನ್ನ ಪ್ಯಾಂಟಿನ ಮೇಲೆಯೇ ಚೆಲ್ಲಿತು. ಅವ್ವ ಅದನ್ನು ಕಿತ್ತುಕೊಂಡು, "ನೀನು ಬಾಯಲ್ಲಿ ಹೇಳು, ನಾ ಸುರೀತೀನಿ" ಎಂದಳು. ಹೆಸರು ಇನ್ನೂ ಗೊತ್ತುಮಾಡಿರಲಿಲ್ಲ. ನನ್ನ ಬಾಯಿಗೆ ಬಂದದ್ದು ಅವ್ವನ ಹೆಸರೇ. ಅವಳ ಕೈ ಒಂದು ಕ್ಷಣ ನಿಂತು, ಆಮೇಲೆ ಮೂರು ಸಲ ಸುರಿಯಿತು.

ಮಗು ಉಸಿರು ಹಿಡಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಗೆ ಹಾಕಿ, ಏನೂ ಹೇಳಲಾಗದು ಎಂದು ಹೇಳಿ ಬಾಗಿಲು ಮುಚ್ಚಿದರು.

ಹೊರಗಿನ ಬೆಂಚಿನಲ್ಲಿ ಕೂತವನಿಗೆ ಐದನೇ ಇಯತ್ತೆಯ ಧರ್ಮೋಪದೇಶದ ತರಗತಿ ನೆನಪಾಯಿತು. ಸುರಿಯುವ ಕೈ, ಹೇಳುವ ಬಾಯಿ, ಎರಡೂ ಒಬ್ಬರದೇ ಆಗಿರಬೇಕು. ಇಲ್ಲವಾದರೆ ಅದು ಜ್ಞಾನಸ್ನಾನವಲ್ಲ. ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಅವ್ವನಿಗೆ ಹೇಳಿದೆ. "ನೀ ಹೇಳ್ದಾಗ್ಲೂ ದೇವ್ರು ಅಲ್ಲೇ ಇದ್ದ, ನಾ ಸುರ್ದಾಗ್ಲೂ ಅಲ್ಲೇ ಇದ್ದ" ಎಂದಳು. ಆದರೆ ಅವಳ ಬೆರಳುಗಳ ನಡುವೆ ಜಪಸರದ ಮಣಿ ನಿಂತುಹೋಯಿತು. ನನ್ನ ಹೆದರಿಕೆಗೆ ನಾನು ಒಗ್ಗಿದ್ದೇನೆ. ಅವ್ವ ಹೆದರಿದ್ದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಸಂಜೆಗೆ ಫಾದರ್ ತಾವೇ ಫೋನು ಮಾಡಿದರು. ಸುರಿದವರು ಯಾರು ಎಂದು ಎರಡು ಸಲ ಕೇಳಿದರು. ನಾಳೆ ನಾನು ಬರುವವರೆಗೆ ಕಾಯಬೇಡಿ, ಇನ್ನೊಮ್ಮೆ ಕೊಡಬೇಕು, ಒಬ್ಬರೇ ಕೊಡಬೇಕು, ನಿಮ್ಮನ್ನು ಒಳಗೆ ಬಿಡದಿದ್ದರೆ ಒಳಗಿರುವ ನರ್ಸೇ ಕೊಡಲಿ, ಅವರು ಯಾವ ಧರ್ಮದವರಾದರೂ ಸರಿ, ನಾವು ಯಾಕೆ ಕೊಡುತ್ತೇವೋ ಅದಕ್ಕೇ ಎಂದು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟರೆ ಸಾಕು ಎಂದರು. ಅದೂ ಆಗದಿದ್ದರೆ ದೇವರು ಕೈಬಿಡುವವನಲ್ಲ ಎಂದೂ ಹೇಳಿದರು. ಆ ಕೊನೆಯ ಮಾತು ಮಾತ್ರ ನನ್ನ ಕಿವಿಗೆ ಇಳಿಯಲಿಲ್ಲ.

ಒಳಗಿನ ನರ್ಸಮ್ಮನ ಹಣೆಯಲ್ಲಿ ವಿಭೂತಿ ಇತ್ತು. ಅವರನ್ನು ಬಾಗಿಲಲ್ಲಿ ತಡೆದು, ತರಗತಿಯಲ್ಲಿ ಪ್ರಮೇಯ ವಿವರಿಸುವವನ ಧಾಟಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ಇದನ್ನ ಮಾಡಿದ್ರೆ ಮಗು ಉಳಿತೈತೇನ್ರಿ ಸರ್?"

ಹೂಂ ಎಂದುಬಿಡಬಹುದಿತ್ತು. "ಇಲ್ಲ" ಎಂದೆ.

"ಮತ್ತೆ ಯಾಕ್ರಿ?"

"ಹೋಗೋದೇ ಆದ್ರೆ, ನಮ್ಮ ಮಗು ಅಂತ ಹೆಸರು ಹೇಳಿ ಕಳಿಸಾಕೆ."

ಅವರು ಕೈ ಚಾಚಿ, "ಬರ್ಕೊಡ್ರಿ" ಎಂದರು.

ಔಷಧಿ ಚೀಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಹೆಸರನ್ನೂ ಆ ಎರಡು ಸಾಲನ್ನೂ ಬರೆದುಕೊಟ್ಟೆ. ಬಾಗಿಲಿನ ಗಾಜಿನಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಹೊರಬಂದು, "ಆಯ್ತು ಸರ್. ಮೂರು ಹನಿ ಬಿಟ್ಟೆ" ಎಂದರು.

ಆಗ ಹೊಳೆಯಿತು: ಸುರಿಯುತ್ತಲೇ ಬಾಯಿಬಿಟ್ಟು ಓದಬೇಕು ಎಂದು ಬರೆಯುವುದನ್ನೇ ಮರೆತಿದ್ದೆ. ಓದಿದರೋ, ಮನಸ್ಸಿನಲ್ಲೇ ಅಂದುಕೊಂಡರೋ? ಕೇಳಲೆಂದು ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟು ಹಿಡಿದು, "ಕೇಳಬ್ಯಾಡ" ಎಂದಳು. ಅವಳ ಮಣಿಗಳು ಮತ್ತೆ ಸರಿಯತೊಡಗಿದ್ದವು. ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಮಗು ಹೋಯಿತು.

ಮಣ್ಣು ಮಾಡುವಾಗ ಫಾದರ್ ಹೆಸರು ಹಿಡಿದು ಪ್ರಾರ್ಥಿಸಿದರು. ಹೆಂಡತಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ಅವಳು ಮಗುವಿನ ಮುಖವನ್ನು ಸರಿಯಾಗಿ ನೋಡಿದ್ದೇ ಇಲ್ಲ. ನಾನು ಎಲ್ಲವನ್ನೂ ಹೇಳುವವರೆಗೆ ಅಳದೆ ಕೇಳಿದಳು. ನಮ್ಮ ಓಣಿಯ ನಾಲ್ಕು ಮಕ್ಕಳಿಗೆ ಧರ್ಮೋಪದೇಶ ಹೇಳುವವಳು. ನನಗೆ ಗೊತ್ತಿದ್ದದ್ದೆಲ್ಲ ಅವಳಿಗೂ ಗೊತ್ತು.

"ಆ ನರ್ಸಮ್ಮ ಬಾಯಿಬಿಟ್ಟು ಓದಿದ್ರಾ?" ಎಂದು ಕೇಳಿದಳು.

"ಓದಿದ್ರು" ಎಂದೆ. "ನಾನೇ ಕೇಳಿಸ್ಕಂಡೆ."

ಆಮೇಲೆ ಅತ್ತಳು.

ಆ ಸುಳ್ಳನ್ನು ನಾನು ಇಲ್ಲಿಯವರೆಗೂ ಪಾಪನಿವೇದನೆಯಲ್ಲಿ ಹೇಳಿಲ್ಲ. ಪ್ರತಿ ಸಲವೂ ಸಣ್ಣಪುಟ್ಟ ಸಿಟ್ಟು, ಸೋಮಾರಿತನಗಳನ್ನೆಲ್ಲ ಒಪ್ಪಿಸಿ, ಅದರ ಹತ್ತಿರ ಬಂದು ನಿಲ್ಲುತ್ತೇನೆ. ಹೇಳಿದರೆ ಫಾದರ್ ಕ್ಷಮಿಸಿಯಾರು, ಅದು ಗೊತ್ತು. ಆದರೆ ಕ್ಷಮಿಸುವ ಮೊದಲು, ಹಾಗಾದರೆ ಆ ನರ್ಸು ನಿಜವಾಗಿ ಓದಿದರೋ ಇಲ್ಲವೋ ಎಂದು ಕೇಳಿಬಿಟ್ಟರೆ?