ಬಿಸಿಯಲ್ಲೇ ತೆಗೆದ ಪುಡಿ

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಒಲೆಯಕ್ಕ ಎಂದೇ. ಇಪ್ಪತ್ತೊಂದು ವರ್ಷಗಳಿಂದ ಅಲ್ಲಿನ ವಿದ್ಯುತ್ ಕುಲುಮೆಗಳು ಆಕೆಯ ಸುಪರ್ದಿಯಲ್ಲಿದ್ದವು. ಸಂಶೋಧಕರು ಅಳೆದು ಅರೆದು ಕೊಟ್ಟ ಪುಡಿಯನ್ನು ಬಿಳಿ ಮೂಸೆಗೆ ತುಂಬಿ, ಒಂಬೈನೂರು ಡಿಗ್ರಿಯಲ್ಲಿ ಬೇಯಿಸಿ ಕೊಡುವುದು ಆಕೆಯ ಕೆಲಸ. "ಮನೇಲಿ ದಿನಾ ಹಾಲು ಉಕ್ಕಿಸ್ತಾಳೆ, ಅಲ್ಲಿ ಮಾತ್ರ ಒಂದು ಚಿಟಿಕೆ ಪುಡೀನೂ ಹಾಳಾಗಲ್ಲ" ಎಂದು ಗಂಡ ಛೇಡಿಸುತ್ತಿದ್ದ.

ಆ ಪುಡಿ ಸೋಡಿಯಂ ಬ್ಯಾಟರಿಯ ಕ್ಯಾಥೋಡಿಗೆ, ಅಂದರೆ ಬ್ಯಾಟರಿ ಬಳಸುವಾಗ ಸೋಡಿಯಂ ಬಂದು ಕೂರುವ, ಚಾರ್ಜ್ ಮಾಡುವಾಗ ಎದ್ದು ಹೋಗುವ ಜಾಗಕ್ಕೆ. ಸೋಡಿಯಂ ಅಗ್ಗ, ಉಪ್ಪಿನಲ್ಲೇ ಸಿಗುತ್ತದೆ. ಆದರೆ ನೂರು ಸಲ ಚಾರ್ಜ್ ಮಾಡುವಷ್ಟರಲ್ಲಿ ಕ್ಯಾಥೋಡು ಸುಸ್ತಾಗಿ ಕೈಚೆಲ್ಲುತ್ತಿತ್ತು. ಅಲ್ಲಿನ ಒಬ್ಬ ಸಂಶೋಧಕಿ, ಬಿಸ್ಕತ್ತನ್ನು ಚೂರುಚೂರಾಗಿ ಮೆಲ್ಲುತ್ತಾಳೆಂದು ಒಲೆಯಕ್ಕ ಗುಬ್ಬಿ ಎಂದು ಹೆಸರಿಟ್ಟ ಹುಡುಗಿ, ಕಬ್ಬಿಣ ಮತ್ತು ಮ್ಯಾಂಗನೀಸ್ ಬೆರೆಸಿ ಮಾಡಿದ ಪುಡಿ ಐನೂರು ಸುತ್ತು ದಾಟಿಯೂ ಗಟ್ಟಿಯಾಗಿ ನಿಂತಿತು. ಗುಬ್ಬಿ ಕುಣಿದಾಡಿದಳು. ಪ್ರಬಂಧ ಅಚ್ಚಾಯಿತು.

ಎಂಟು ತಿಂಗಳಿಗೆ ಬೇರೊಂದು ಸಂಸ್ಥೆಯಿಂದ ಪತ್ರ ಬಂತು. ನೀವು ಬರೆದಂತೆಯೇ ಆರು ಸಲ ಮಾಡಿದೆವು, ತೊಂಬತ್ತು ಸುತ್ತಿಗೇ ಸತ್ತುಹೋಗುತ್ತಿದೆ ಎಂದು. ಆಗ ಒಲೆಯಕ್ಕ ಗಂಡನ ಕಣ್ಣಿನ ಆಪರೇಷನ್ನಿಗೆಂದು ರಜೆಯಲ್ಲಿದ್ದಳು. ಬದಲಿಗೆ ಬಂದವನು ಬೇಯಿಸಿದ ಪುಡಿಯೂ ಹಾಗೇ ಸತ್ತಿತು. ಗುಬ್ಬಿಯ ಬಗ್ಗೆ "ಅಂಕಿ ತಿದ್ದಿದ್ದಾಳೆ" ಎಂಬ ಪಿಸುಮಾತು ಎದ್ದಿತು. ವಿಚಾರಣೆಗೆ ಸಮಿತಿಯೂ ಕೂತಿತು.

ರಜೆ ಮುಗಿಸಿ ಬಂದು ವಿಷಯ ಕೇಳಿದ ಒಲೆಯಕ್ಕನಿಗೆ ತಪ್ಪು ಎಲ್ಲಿದೆಯೆಂದು ಕೂಡಲೇ ಗೊತ್ತಾಯಿತು.

ಅರವತ್ತು ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಕುಲುಮೆ ತೆರೆಯಬಾರದು. ಹಿಂದೊಮ್ಮೆ ಒಬ್ಬನ ತೋಳು ಸುಟ್ಟಮೇಲೆ ಬಂದ ನಿಯಮ ಅದು. ಆದರೆ ತಣಿಯಲು ಬಿಟ್ಟ ಪುಡಿ ಥಂಡಿ ಹವೆಯಲ್ಲಿ ಹೆಪ್ಪುಗಟ್ಟಿ ಮೂಸೆಗೆ ಕಚ್ಚಿಕೊಳ್ಳುವುದನ್ನು ಆಕೆ ವರ್ಷಗಟ್ಟಲೆ ನೋಡಿದ್ದಳು. ಹಾಗಾಗಿ ಬೆಳಗಿನ ಮೊದಲ ಬಸ್ಸಿಗೇ ಬಂದು, ಇನ್ನೂ ಇನ್ನೂರೈವತ್ತು ಇರುವಾಗಲೇ ಬಾಗಿಲು ತೆರೆದು, ಮೂಸೆಯನ್ನು ಇಕ್ಕಳದಲ್ಲಿ ಹಿಡಿದು ತೇವವಿಲ್ಲದ ಗಾಜಿನ ಪೆಟ್ಟಿಗೆಗೆ ಸಾಗಿಸಿಬಿಡುತ್ತಿದ್ದಳು. ಕುಲುಮೆಯ ದಾಖಲೆ ಪುಸ್ತಕದಲ್ಲಿ ಮಾತ್ರ 'ಅರವತ್ತು' ಎಂದು ಬರೆದು ಸಹಿ ಹಾಕುತ್ತಿದ್ದಳು. ಅಂಕಿಗಳೇ ಬದಲಾಗುವಷ್ಟು ದೊಡ್ಡ ಸಂಗತಿ ಇದೆಂದು ಅನ್ನಿಸಿರಲೇ ಇಲ್ಲ.

ನಿವೃತ್ತಿಗೆ ಇನ್ನೆರಡು ವರ್ಷ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಗಂಡನ ಹತ್ತಿರ ಹೇಳಿಕೊಂಡಳು.

"ಸುಮ್ನಿರು ಮಾರಾಯ್ತಿ. ಅವಳು ಓದಿದ ಹುಡುಗಿ, ಹೇಗೋ ಬಚಾವಾಗ್ತಾಳೆ. ನಿನ್ನ ಕೆಲ್ಸ ಹೋದ್ರೆ ನಮಗ್ಯಾರು ದಿಕ್ಕು?"

ಮೂರು ದಿನ ಬಾಯಿ ಹೊಲಿದುಕೊಂಡಿದ್ದಳು. ನಾಲ್ಕನೆಯ ದಿನ, ಕೈತೊಳೆಯುವ ತೊಟ್ಟಿಯ ಮುಂದೆ ಗುಬ್ಬಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತಿದ್ದಳು. ತೊಳೆಯಲು ಕೈಯಲ್ಲಿ ಏನೂ ಇರಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ಒಲೆಯಕ್ಕ ನೇರ ಮುಖ್ಯಸ್ಥರ ಕೋಣೆಗೆ ನಡೆದಳು.

"ಸರ್, ಆ ಹುಡುಗಿ ಅಂಕಿ ತಿದ್ದಿಲ್ಲ. ತಿದ್ದಿದ್ದು ನಾನು. ಪುಸ್ತಕದಲ್ಲಿ."

ಪೂರ್ತಿ ಕೇಳಿದ ಮೇಲೆ ಮುಖ್ಯಸ್ಥರು ಕನ್ನಡಕ ತೆಗೆದಿಟ್ಟರು. "ಎಷ್ಟು ವರ್ಷದಿಂದ?"

"ಒಂಬತ್ತು."

"ಅಂದ್ರೆ ಒಂಬತ್ತು ವರ್ಷದ ಯಾವ ದಾಖಲೆಯನ್ನೂ ನಂಬೋ ಹಾಗಿಲ್ಲ, ಅಲ್ವೇನಮ್ಮ?"



ಸಮಿತಿಯ ಎದುರಿಗೇ ಒಂದೇ ಪುಡಿಯನ್ನು ಎರಡು ಪಾಲು ಮಾಡಿ ಬೇಯಿಸಿದರು. ಒಂದು ಒಲೆಯಕ್ಕನ ಕೈಯಿಂದ ಬಿಸಿಯಲ್ಲೇ ಪೆಟ್ಟಿಗೆಗೆ ಹೋಯಿತು, ಇನ್ನೊಂದು ನಿಯಮದಂತೆ ತಣಿಯಿತು. ಮೂರು ತಿಂಗಳು ಬ್ಯಾಟರಿಗಳು ಸುತ್ತು ಹೊಡೆದವು. ತಣಿದದ್ದು ತೊಂಬತ್ತಕ್ಕೇ ಮುಗಿಯಿತು, ಬಿಸಿಯದು ಐನೂರು ದಾಟಿತು. ಗಾಳಿಯ ತೇವವೇ ಪುಡಿಯನ್ನು ಕೆಡಿಸುತ್ತಿತ್ತೆಂದು ಎಲ್ಲರೂ ಒಪ್ಪಿದರು. ಗುಬ್ಬಿಯ ಮೇಲಿನ ಆರೋಪ ಬಿದ್ದುಹೋಯಿತು. ಆದರೆ ಪ್ರಬಂಧ ಹಿಂಪಡೆದು ತಿದ್ದಬೇಕಾಯಿತು, ಅಷ್ಟರಲ್ಲಿ ಅವಳಿಗೆ ಸಿಗಬೇಕಿದ್ದ ಹುದ್ದೆ ಬೇರೆಯವರ ಪಾಲಾಗಿತ್ತು.

"ನನಗೊಂದು ಮಾತು ಹೇಳ್ಬಹುದಿತ್ತಲ್ಲಕ್ಕಾ" ಎಂದಷ್ಟೇ ಅಂದಳು. ಆಮೇಲೆ ಎದುರು ಸಿಕ್ಕರೂ ಮಾತಿಲ್ಲ.

ಒಲೆಯಕ್ಕನ ಕೆಲಸ ಉಳಿಯಿತು, ಕುಲುಮೆ ಉಳಿಯಲಿಲ್ಲ. ನೆಲಮಾಳಿಗೆಯ ಉಗ್ರಾಣದಲ್ಲಿ ಕೈಗವಸು, ಬಾಟಲಿ ಕೊಡುವ ಕಿಟಕಿಯ ಹಿಂದೆ ಕೂರಿಸಿದರು. ಮೊದಮೊದಲು ಬಿಸಿಯಿಲ್ಲದ ಆ ಕೋಣೆಯಲ್ಲಿ ಕೈ ಎಲ್ಲಿಡಬೇಕೆಂದೇ ತೋಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುಬ್ಬಿ ಕಿಟಕಿಗೆ ಬಂದಳು. ಕೈಗವಸಿನ ಚೀಟಿ ಕೊಟ್ಟಳು. ಹೋಗಲಿಲ್ಲ.

"ನಾನು ಮಾಡಿದ್ದು ಮುನ್ನೂರು ಸುತ್ತಿಗೇ ನಿಲ್ತಿದೆ" ಎಂದಳು ಮುಖ ನೋಡದೆ. "ನೀವು ಮಾಡಿದ ಹಾಗೆ ಬರ್ತಿಲ್ಲ."

"ಮೂಸೆಗೆ ಮುಚ್ಚಳ ಯಾವಾಗ ಹಾಕ್ತೀಯ?"

"ಪೆಟ್ಟಿಗೆ ಒಳಗೆ."

"ಅಲ್ಲಮ್ಮ. ಕುಲುಮೆ ಒಳಗೇ ಹಾಕ್ಬೇಕು. ಮುಚ್ಚಳಾನೂ ಮೂಸೆ ಜೊತೆ ಕಾದಿರ್ಬೇಕು, ತಣ್ಣಗಿದ್ರೆ ಅದೇ ತೇವ ತರುತ್ತೆ."

ಗುಬ್ಬಿ ಪುಸ್ತಕ ತೆಗೆದು ಬರೆದುಕೊಂಡಳು. "ಇನ್ನೇನಾದ್ರೂ ಬಿಟ್ಟಿದೀರಾ?"

ಆ ಮಾತು ಚುಚ್ಚಿತು. ಆದರೂ ಒಲೆಯಕ್ಕ ಕಣ್ಣು ಮುಚ್ಚಿ, ಮೊದಲ ಬಸ್ಸು ಇಳಿದು ಬಾಗಿಲು ತೆರೆಯುವಲ್ಲಿಂದ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದಳು. ಗುಬ್ಬಿ ನಿಂತೇ ಬರೆದಳು, ಕೂರಲಿಲ್ಲ.