ಸಿನಿಮಾದ ನಲ್ಲಿ, ನಮ್ಮ ಮನೆಯ ಸುಣ್ಣ

ಮಧ್ಯಾಹ್ನ ಊಟವಾದ ಮೇಲೆ ನನ್ನ ಗೆಳತಿ ನಮ್ಮ ಮನೆಗೆ ಟಿವಿ ನೋಡಲು ಬರುತ್ತಾಳೆ. ಕುರಿ ಸಾಕುವವರ ಮನೆಯವಳು. ನಾವಿಬ್ಬರೂ ಆದಿವಾಲಕ್ಕೆ ಸೊಸೆಯರಾಗಿ ಬಂದವರು, ಈರುಳ್ಳಿ ಹೊಲದಲ್ಲಿ ಜೊತೆಗೇ ಕಳೆ ಕಿತ್ತವರು. ನನಗೆ ಎದೆಹಾಲು ಬತ್ತಿದಾಗ ಮಗುವಿಗೆ ಮೇಕೆ ಹಾಲು ತಂದುಕೊಟ್ಟವಳು ಅವಳೇ.

ನಮ್ಮದು ಊರು ಮುಟ್ಟಿಸಿಕೊಳ್ಳದ ಜಾತಿ, ಅವಳದು ಅಲ್ಲ. ನನ್ನ ಎಲೆ-ಅಡಿಕೆ ತಟ್ಟೆಯಿಂದ ಅವಳು ಎಲೆ ತೆಗೆದುಕೊಳ್ಳುತ್ತಾಳೆ, ಅಡಿಕೆ ತೆಗೆದುಕೊಳ್ಳುತ್ತಾಳೆ. ಸುಣ್ಣ ಮಾತ್ರ ತನ್ನ ಡಬ್ಬಿಯದೇ. ಸುಣ್ಣ ಕಲಸಲು ನೀರು ಬೇಕಲ್ಲ, ಅದು ನಮ್ಮ ಮನೆಯ ನೀರು. ಅವಳ ಅತ್ತೆ ಕಲಿಸಿದ ಪಾಠ. ಯಾಕೆ ಎಂದು ನಾನೂ ಕೇಳಿರಲಿಲ್ಲ.

ಒಂದು ದಿನ ಕನ್ನಡ ಮಾತು ಹಾಕಿದ ಹೊರದೇಶದ ಸಿನಿಮಾ ಬಂತು. ಅಲ್ಲಿ ಕರಿಯರಿಗೆ ಬೇರೆ ನಲ್ಲಿ, ಬಿಳಿಯರಿಗೆ ಬೇರೆ. ಬಾಯಾರಿದ ಕರಿ ಹುಡುಗಿಯೊಬ್ಬಳು ಬಿಳಿಯರ ನಲ್ಲಿಗೆ ಬೊಗಸೆ ಒಡ್ಡಿದಳು. ಒಬ್ಬ ಬಂದು ಹೊಡೆದ. ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೀರಿಗೂ ಹಿಂಗ್ ಮಾಡ್ತಾರೇನೆ? ಅವ್ನ ಕೈ ಸೇದೋಗ!"

ಕೊನೆಗೆ ಒಬ್ಬ ಬಿಳಿ ಹೆಂಗಸು ಹುಡುಗಿಯನ್ನು ಅಪ್ಪಿಕೊಂಡಳು, ಹಾಡು ಬಂತು, ಎಲ್ಲ ಸರಿಹೋಯಿತು. ನನಗೆ ಸಿಟ್ಟು ಬಂತು. ಸಿನಿಮಾದಲ್ಲಿ ಕೆಟ್ಟವರ ಮುಖವೇ ಕೆಟ್ಟದಾಗಿರುತ್ತದೆ. ಅದು ನಾನಲ್ಲ ಎಂದುಕೊಂಡು ನೋಡುವವರು ಆರಾಮಾಗಿ ಅಳಬಹುದು. ನನ್ನ ಗೆಳತಿಯ ಮುಖ ಹಾಗಿಲ್ಲ. ಕಷ್ಟ ಇರುವುದೇ ಅಲ್ಲಿ.

ಅವಳು ಡಬ್ಬಿ ತೆಗೆದಳು. ನಾನು ಕೇಳಿಯೇಬಿಟ್ಟೆ.

"ಯಾವಳಿಗೋ ಅಳ್ತೀಯ. ನನ್ನ ಸುಣ್ಣ ಏನ್ ಮಾಡೈತೆ ನಿಂಗೆ?"

"ಅದು ಬ್ಯಾರೆ ಕಣೆ."

"ಹೂಂ, ಬ್ಯಾರೆ. ಅವ್ನು ಹೊಡೀತಾನೆ, ನೀನು ಹೊಡೆಯಲ್ಲ."

ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಟಿವಿ ಹಾಕಿಕೊಂಡು ಬಾಗಿಲ ಕಡೆ ನೋಡುತ್ತಾ ಕೂತೆ. ಈ ವಯಸ್ಸಿನಲ್ಲಿ ಇನ್ನೊಬ್ಬ ಗೆಳತಿಯನ್ನು ಎಲ್ಲಿಂದ ತರಲಿ? ಆದರೂ ಕೇಳಿದ್ದು ತಪ್ಪು ಅನ್ನಿಸಲಿಲ್ಲ.

ಹಿರಿಯೂರು ಸಂತೆಯ ಮಾರನೆಯ ದಿನ ಬಂದಳು. ಎಲೆಯ ತೊಟ್ಟು ಮುರಿದು, ಸೀರೆಗೆ ಒರೆಸಿ, ಹಾಗೇ ಹಿಡಿದುಕೊಂಡು ಕೂತಳು.

"ಯಾಕೆ, ಡಬ್ಬಿ ತಂದಿಲ್ವೇನೆ?"

"ತಂದೀನಿ."

"ಮತ್ತೆ?"

"ಮತ್ತೇನು, ಬಾಯ್ಬಿಟ್ಟು ಕೇಳ್ಬೇಕೇನೆ ಮುದ್ಕಿ? ಕೊಡು ಇತ್ಲಾಗೆ."

ಎಲೆಯನ್ನು ನನ್ನ ಕಡೆ ಚಾಚಿದಳು. ನಮ್ಮ ಮನೆಯ ಸುಣ್ಣ ನಾನೇ ಹಚ್ಚಿದೆ. ಗಡಿಬಿಡಿಯಲ್ಲಿ ಹೆಚ್ಚಾಯಿತು. ಬಾಯಿಗೆ ಹಾಕಿಕೊಂಡವಳು ಮುಖ ಕಿವುಚಿದಳು.

"ನಾಲ್ಗೆ ಸುಟ್ಟೋತಲ್ಲೇ! ಇಷ್ಟ್ ವರ್ಷದ್ದೂ ಒಂದೇ ಸಲ ಹಚ್ಚಿದ್ಯಾ?"

ನಕ್ಕೆವು. ಅವಳ ಮನೆಯ ಹೊಸ್ತಿಲು ನಾನಿನ್ನೂ ದಾಟಿಲ್ಲ. ಅದನ್ನೂ ಕೇಳಬೇಕು.