ಎರಡು ಮನೆಗೆ ಒಂದು ಮಣ್ಣಿನ ನಾಯಿ

ಮಕ್ಕಳೇ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅದರಿಂದ ನಮ್ಮ ಊರಿನಲ್ಲಿ ಬದಲಾದದ್ದು ಶಾಲೆಯ ಬೋರ್ಡು ಮಾತ್ರ. ನನಗಾಗ ಒಂಬತ್ತು ವರ್ಷ. ಈಗಿನಂತೆ ಆಗಲೂ ನಾಲ್ಕು ಜನರ ಮುಂದೆ ನನಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗದ್ದೆಗೆ ನೀರು ತಿರುಗಿಸುವ ವಿಚಾರಕ್ಕೆ ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟಿದ್ದರು. ಎರಡು ಅಂಗಳದ ನಡುವೆ ಮುಳ್ಳಿನ ಬೇಲಿ ಬಂತು. ದೊಡ್ಡಪ್ಪನ ಮಗಳು ಸೀತೆ ನನ್ನ ಓರಗೆಯವಳು. ಅವಳ ಜೊತೆ ಆಡಬಾರದೆಂದು ಅಪ್ಪನ ಕಟ್ಟಪ್ಪಣೆ. ನಮ್ಮ ಐದು ಆಟದ ಕಲ್ಲುಗಳಲ್ಲಿ ಮೂರು ಅವಳ ಬಳಿ, ಎರಡು ನನ್ನ ಬಳಿ ಉಳಿದವು. ಎರಡು ಕಲ್ಲಿನಲ್ಲಿ ಎಂತ ಆಡುವುದು?

ಕಾಫಿ ಹೂವಿನ ಪರಿಮಳ ಮುಗಿದು ಕಾಡುಮಾವು ಉದುರುವ ಹೊತ್ತಿಗೆ ಅಯ್ಯಪ್ಪನ ಬನದಲ್ಲಿ ಹಬ್ಬ. ದೇವರ ಬೇಟೆಗೆಂದು ಮನೆಗೊಂದು ಮಣ್ಣಿನ ನಾಯಿ ಒಪ್ಪಿಸುವುದು ಊರ ಕಟ್ಟಳೆ. ಅಲ್ಲಿಯವರೆಗೆ ನಮ್ಮ ಮನೆತನದ್ದು ಒಂದೇ ನಾಯಿ. ಆ ಸಲ ಅಪ್ಪ ನನ್ನನ್ನು ಕುಂಬಾರಜ್ಜನ ಬಳಿ ಕಳಿಸಿದರು.

"ನಮ್ಗೆ ಬೇರೆ ನಾಯಿ ಅಂತ ಹೇಳ್. ಬೇರೆ! ಮರೀಬೇಡ."

ಸುಟ್ಟ ಮಣ್ಣಿನ ವಾಸನೆಯ ಆ ಅಂಗಳದಲ್ಲಿ ನಿಂತು ಮನೆ ಹೆಸರು ಹೇಳಿದೆ. "ಎಷ್ಟು?" ಎಂದರು ಅಜ್ಜ. ಒಂದು ಬೆರಳು ಎತ್ತಿದೆ.

"ನಿನ್ನೆಯೇ ನಿಮ್ಮ ಮನೆಯ ಇನ್ನೊಂದು ಗೂಡೆ ಬಂದು ಬೆರಳೆತ್ತಿ ಹೋಯ್ತಲ್ಲ! ಒಂದು ನಾಯಿಗೆ ಎಷ್ಟು ಸಲ ಹೇಳ್ತೀರಿ? ಅದೇನು ಓಡಿ ಹೋಗ್ತದಾ?"

ಆ ಗೂಡೆ, ಅಂದರೆ ಹುಡುಗಿ, ಸೀತೆ. 'ಬೇರೆ' ಎಂದು ಹೇಳದೆಯೇ ಓಡಿ ಬಂದೆ. ಮನೆಯಲ್ಲಿ ಅಪ್ಪ "ಹೇಳ್ದೆಯಾ?" ಎಂದಾಗ ಹೂಂ ಎಂದು ತಲೆಯಾಡಿಸಿಬಿಟ್ಟೆ. ಆಮೇಲೆ ನನಗೆ ಊಟ ಇಳಿಯಲಿಲ್ಲ. ನಾಯಿ ಒಪ್ಪಿಸದ ಮನೆಯ ದನವನ್ನು ಹುಲಿಯಿಂದ ದೇವರು ಕಾಯುವುದಿಲ್ಲ ಎಂದು ನಂಬಿದ್ದ ಊರು ನಮ್ಮದು. ಹಟ್ಟಿಯಲ್ಲಿ ನಮ್ಮ ಹಸು ಕೆಂಪಿ ಕೂಗಿದರೆ ಸಾಕು, ಓಡಿ ಹೋಗಿ ನೋಡುತ್ತಿದ್ದೆ.

ಹಬ್ಬದ ದಿನ ಬನದ ಅಂಚಿನಲ್ಲಿ ಕುಂಬಾರಜ್ಜ ಬುಟ್ಟಿ ಇಳಿಸಿ ಒಂದೊಂದೇ ಮನೆ ಹೆಸರು ಕೂಗಿದರು. ನಮ್ಮ ಹೆಸರಿಗೆ ಅಪ್ಪ, ದೊಡ್ಡಪ್ಪ ಇಬ್ಬರೂ ಮುಂದೆ ಬಂದರು. ನಾಯಿ ಒಂದೇ. ಬುಟ್ಟಿ ಖಾಲಿ.

ಅಪ್ಪ ತಿರುಗಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ನಂಗೇನ್ ಗೊತ್ತು? ಮನೆ ಹೆಸ್ರು ಒಂದೇ ಅಲ್ವಾ?" ಎಂದರು ಕುಂಬಾರಜ್ಜ.

ಊರ ಹಿರಿಯರಾದ ತಕ್ಕರು ವೀಳ್ಯ ಉಗುಳಿ ಬಂದರು. "ಹೌದಲ್ಲ. ಅಯ್ಯಪ್ಪನಿಗೆ ನಿಮ್ಮ ಬೇಲಿ ಕಂಡಿಲ್ಲೆ. ಹಿಡ್ಕಣಿ ಇಬ್ರೂ."

"ಬಾಲ ಯಾರಿಗೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಜನ ನಕ್ಕರು. ದೊಡ್ಡಪ್ಪ ನಾಯಿಯ ತಲೆ ಹಿಡಿದರು, ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಹಿಂಗಾಲು ಹಿಡಿದರು. ಮೊಳದುದ್ದದ ನಾಯಿ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ. ಹೆಣ್ಣುಮಕ್ಕಳು ಬನದೊಳಗೆ ಹೋಗುವಂತಿಲ್ಲ. ಅಂಚಿನ ಕಲ್ಲಿನ ಬಳಿ ನಿಂತು ನೋಡುತ್ತಿದ್ದೆವು. ನಾಲ್ಕು ಹೆಜ್ಜೆಗೆ ಅಪ್ಪ ಮರದ ಬೇರಿಗೆ ಎಡವಿದರು.

"ನಿಧಾನ, ತಮ್ಮ. ಬೇರು ಉಟ್ಟು," ಎಂದರು ದೊಡ್ಡಪ್ಪ.

ಒಂದು ವರ್ಷದ ನಂತರ ಆಡಿದ ಮೊದಲ ಮಾತು. ನನಗೆ ಅಳುವೇ ಬಂತು. ಅಷ್ಟರಲ್ಲಿ ಯಾರೋ ನನ್ನ ಅಂಗೈಗೆ ಬಿಸಿಬಿಸಿಯಾದ ಮೂರು ಕಲ್ಲು ತುರುಕಿದರು. ಸೀತೆ ಅವನ್ನು ಬೆಳಗಿನಿಂದ ಮುಷ್ಟಿಯಲ್ಲೇ ಹಿಡಿದಿದ್ದಳು.

ಮನೆಗೆ ಬರುವಾಗ ಅಪ್ಪ ಕೇಳಿದರು, "ಬೇರೆ ಅಂತ ಹೇಳ್ದೆಯಾ, ಗೂಡೆ?"

"ಇಲ್ಲೆ."

ಅಪ್ಪ ಪ್ರಸಾದದ ಕಾಯಿ ಮುರಿದು ದೊಡ್ಡ ತುಂಡನ್ನೇ ನನಗೆ ಕೊಟ್ಟರು. ಅಂದು ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.

ಜಗಳ ಒಂದೇ ದಿನಕ್ಕೆ ತೀರಲಿಲ್ಲ. ಆದರೆ ಬೇಲಿಯಲ್ಲಿ ನಾವು ನುಸುಳುವಷ್ಟು ಗಂಡಿ ಆಯಿತು. ಅದನ್ನು ಯಾರೂ ಮುಚ್ಚಲಿಲ್ಲ.

ದೇವರಿದ್ದಾನಾ ಅಜ್ಜಿ ಎಂದು ಕೇಳುತ್ತೀರಿ. ನನಗೇನು ಗೊತ್ತು? ಅವರಿಬ್ಬರನ್ನು ಒಂದು ಕಡೆ ನಿಲ್ಲಿಸಲು ನೆಂಟರಿಂದಲೂ ಆಗಿರಲಿಲ್ಲ, ಬನದ ಹಬ್ಬದಿಂದ ಆಯಿತು. ಆ ಹಬ್ಬಕ್ಕೆ ಬರುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಈಗ ಕುಂಬಾರಜ್ಜನ ಮನೆಯಲ್ಲಿ ಯಾರೂ ಮಣ್ಣು ಮುಟ್ಟುವುದಿಲ್ಲ. ಫೋನಿನಲ್ಲಿ ಹೇಳಿದಷ್ಟು ನಾಯಿ ಪೇಟೆಯಿಂದ ಬರುತ್ತವೆ. ಹೋದ ವರ್ಷ ನಮ್ಮ ಮನೆತನದ್ದೇ ಏಳು. ಅವರವರು ಜೀಪಿನಲ್ಲಿ ಬಂದು, ಒಪ್ಪಿಸಿ, ಹೋದರು. ಒಂದೂ ಕಡಿಮೆ ಬೀಳಲಿಲ್ಲ.